ಮೇಲಕ್ಕೆ ನಡೆದ ಹೊಸ್ತಿಲು

ಆ ಊರಿನಲ್ಲಿ ಮೊದಲು ಹೊಸ್ತಿಲು, ಆಮೇಲೆ ಮಳೆ, ಮಳೆಯ ನಂತರ ಮನೆ.

ಬೇರೆ ಊರುಗಳಲ್ಲಿ ಮನೆ ಕಟ್ಟುವವರು ಪಾಯ ತೆಗೆಯುತ್ತಾರೆ, ಗೋಡೆ ಎಬ್ಬಿಸುತ್ತಾರೆ, ಬಾಗಿಲು ನಿಲ್ಲಿಸುವ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುತ್ತಾರೆ. ಆ ಊರಿನಲ್ಲಿ ಹಾಗಲ್ಲ. ಮನೆ ಬೇಕೆಂದವರು ಮಳೆಗಾಲಕ್ಕೆ ಮೊದಲು, ತಾವು ಬಯಸಿದ ನೆಲದ ಮೇಲೆ, ಒಂದು ಕಲ್ಲಿನ ಹೊಸ್ತಿಲನ್ನು ಮಾತ್ರ ಇಟ್ಟು ಬರಬೇಕು. ಗೋಡೆಯಿಲ್ಲ, ಬಾಗಿಲಿಲ್ಲ, ಸೂರಿಲ್ಲ. ಹುಲ್ಲಿನ ನಡುವೆ ಒಂದು ಹೊಸ್ತಿಲು. ಅದರ ಆಚೆಗೂ ಹುಲ್ಲು, ಈಚೆಗೂ ಹುಲ್ಲು. ಆ ಹೊಸ್ತಿಲು ಕುಳಿತಲ್ಲಿಯೇ ಕುಳಿತು ಒಂದು ಮಳೆಗಾಲವನ್ನು ಕಳೆದರೆ ಅಲ್ಲಿ ಮನೆ. ಕದಲಿದರೆ ಅಲ್ಲಿ ದಾರಿ.

ದಾರಿ ಯಾರದೆಂದರೆ, ತಾಯಿಯದು. ಊರಿನ ಬೆನ್ನಿಗೆ ಒಂದು ಗುಡ್ಡವಿತ್ತು, ಬುಡದಲ್ಲಿ ಒಂದು ಕೊಳ. ಗುಡ್ಡದ ತಾಯಿಗೆ ಆ ಕೊಳವೇ ತವರು ಎಂದು ಹೇಳುತ್ತಿದ್ದರು. ಬೇಸಿಗೆಯಿಡೀ ಮೇಲೆ ಮೌನವಾಗಿರುವ ತಾಯಿ ಮಳೆ ಹಿಡಿದ ಮೇಲೆ ತವರಿಗೆ ಇಳಿಯುತ್ತಾಳೆ. ಇಳಿಯುವಾಗ ಅಡ್ಡ ಬಂದ ಹೊಸ್ತಿಲನ್ನು ಕಾಲಿನಿಂದ ಸರಿಸುತ್ತಾಳೆ. ತವರಿಗೆ ಹೊರಟ ಹೆಣ್ಣಿನ ದಾರಿಗೆ ಅಡ್ಡವಾಗಿ ಮನೆ ಕಟ್ಟಬಾರದು. ಕತೆ ಇಷ್ಟು. ತಾಯಿ ನಡೆದದ್ದನ್ನು ಕಂಡವರು ಇರಲಿಲ್ಲ. ಕಲ್ಲು ಸರಿದದ್ದನ್ನು ಕಾಣದವರು ಇರಲಿಲ್ಲ. ಕತೆಯನ್ನು ನಂಬುವವರು ಕತೆಯನ್ನು ನಂಬಿದರು, ನಂಬದವರು ಕಲ್ಲನ್ನು ನಂಬಿದರು. ನಿಯಮ ಬಾಳುವುದಕ್ಕೆ ಎರಡರಲ್ಲಿ ಯಾವುದಾದರೊಂದು ಸಾಕಾಗಿತ್ತು.

ದಾರಿಯೆಂದು ಆದ ನೆಲದಲ್ಲಿ ಯಾರೂ ಮರ ಕಡಿಯುತ್ತಿರಲಿಲ್ಲ, ಒರತೆಯ ಬಾಯಿಗೆ ಕಲ್ಲು ಹೇರುತ್ತಿರಲಿಲ್ಲ, ಗುದ್ದಲಿ ಊರುತ್ತಿರಲಿಲ್ಲ. ಹೀಗೆ ತಲೆತಲಾಂತರದಿಂದ ಹೊಸ್ತಿಲುಗಳು ಸರಿದು ಸರಿದು ಬಿಟ್ಟುಕೊಟ್ಟ ನೆಲವೆಲ್ಲ ಸೇರಿ ಗುಡ್ಡದಿಂದ ಕೊಳದವರೆಗೆ ಹಸಿರಿನ ಅಗಲವಾದ ಪಟ್ಟಿಯಾಗಿತ್ತು. ಅಲ್ಲಿ ಕೇದಗೆಯ ಮೆಳೆಗಳಿದ್ದವು, ಬೇಸಿಗೆಯಲ್ಲೂ ಬತ್ತದ ಒರತೆಗಳಿದ್ದವು. ಕೊಳದ ಜೊಂಡಿನಲ್ಲಿ ನೀರುನಾಯಿ ಮರಿ ಹಾಕುತ್ತಿತ್ತು, ಕೊಕ್ಕರೆಗಳು ಒಂದೇ ಕಾಲಿನ ಮೇಲೆ ನಿಂತು ಮಧ್ಯಾಹ್ನವನ್ನು ಕಳೆಯುತ್ತಿದ್ದವು. ಊರು ಮಾತ್ರ ಗುಡ್ಡದ ಒಂದು ಪಕ್ಕಕ್ಕೆ, ಕಪ್ಪು ಬಂಡೆಯ ಹಾಸಿನ ಮೇಲೆ, ಒಂದೇ ಬೀದಿಯಾಗಿ ಕುಳಿತಿತ್ತು. ಅದನ್ನು ಬಂಡೆಬೀದಿ ಎನ್ನುತ್ತಿದ್ದರು. ಬಂಡೆಯ ಮೇಲೆ ಹೊಸ್ತಿಲಿಗೆ ಪರೀಕ್ಷೆಯಿರಲಿಲ್ಲ. ಬಂಡೆ ಯಾವ ಮಳೆಯಲ್ಲೂ ಎಲ್ಲಿಗೂ ಹೊರಟದ್ದಿಲ್ಲ. ಆದರೆ ಬಂಡೆಯ ಮೇಲೆ ಜಾಗ ಉಳಿದಿರಲಿಲ್ಲ. ಮನೆ, ಹಿತ್ತಲು, ಬೇಲಿ. ಮತ್ತೆ ಮನೆ, ಹಿತ್ತಲು, ಬೇಲಿ. ಬೀದಿಯ ಕೊನೆಯ ಬೇಲಿಗೆ ಬಂಡೆಯೂ ಮುಗಿಯುತ್ತಿತ್ತು.

ಹೊಸ್ತಿಲನ್ನಿಟ್ಟವರು ಮಳೆ ಬಿಡುವಾದಾಗಲೆಲ್ಲ ಅದರ ಮುಂದೆ ರಂಗೋಲಿ ಹಾಕಬೇಕು, ಸಂಜೆಗೆ ಅದರ ಹಿಂದೆ ಹುಲ್ಲಿನ ಮೇಲೆ ಕುಳಿತಿರಬೇಕು. ನೆರೆಯವರು ಬಂದು ಹೊಸ್ತಿಲಿನ ಈಚೆ ನಿಂತು, ಒಳಗೆ ಯಾರಿದ್ದೀರಿ ಎಂದು ಕೇಳುತ್ತಿದ್ದರು. ಕುಳಿತವರು, ಬನ್ನಿ, ಒಳಗೆ ಬನ್ನಿ ಎನ್ನುತ್ತಿದ್ದರು. ಬಂದವರು ಚಪ್ಪಲಿ ಬಿಟ್ಟು, ಹೊಸ್ತಿಲನ್ನು ತುಳಿಯದೆ ದಾಟಿ, ಹುಲ್ಲಿನ ಮೇಲೆ ಕುಳಿತು ಬೆಲ್ಲ ನೀರು ಕುಡಿಯುತ್ತಿದ್ದರು. ಎರಡು ಹೆಜ್ಜೆ ಬಳಸಿ ಬಂದರೆ ಯಾವ ಗೋಡೆಯೂ ಅಡ್ಡವಿರಲಿಲ್ಲ. ಆದರೂ ಯಾರೂ ಬಳಸಿ ಬರುತ್ತಿರಲಿಲ್ಲ. ಕರೆಯದೆ ದಾಟುತ್ತಲೂ ಇರಲಿಲ್ಲ. ಹೊರಗಿನಿಂದ ನೋಡಿದವರಿಗೆ ಇದು ಮಕ್ಕಳ ಆಟದಂತೆ ಕಾಣಬಹುದು. ಹೊಸ್ತಿಲಿನ ಹಿಂದೆ ಕುಳಿತವರಿಗೆ ಅದು ಆಟವಾಗಿರಲಿಲ್ಲ.

ಕದಲಿತೋ ಇಲ್ಲವೋ ಎಂಬುದನ್ನು ಕಣ್ಣು ಹೇಳಲಾರದು, ನೂಲು ಹೇಳುತ್ತಿತ್ತು. ಬಂಡೆಹಾಸಿನ ಅಂಚಿನಲ್ಲಿ, ಇಳಿಜಾರಿನ ತಲೆಗೆ, ಸಾಕ್ಷಿಬಂಡೆಯೆಂಬುದೊಂದಿತ್ತು. ಹೊಸ್ತಿಲನ್ನಿಟ್ಟ ದಿನ ಸಾಕ್ಷಿಬಂಡೆಯಿಂದ ಹೊಸ್ತಿಲಿನ ನಡುವಿನ ಗುಳಿಯವರೆಗೆ ಮೇಣ ಹಚ್ಚಿದ ಹತ್ತಿಯ ನೂಲನ್ನು ಬಿಗಿಯಾಗಿ ಎಳೆದು, ತುದಿಗೆ ಗಂಟು ಹಾಕಿ, ಮಡಕೆಯಲ್ಲಿಟ್ಟು ಬಾಯಿ ಕಟ್ಟುತ್ತಿದ್ದರು. ಮಳೆ ಹೋಗಿ, ನೆಲ ಒಣಗಿದ ಮೇಲೆ ಅದೇ ನೂಲನ್ನು ಬಿಸಿಲಿಗೆ ಹಾಕಿ, ಮತ್ತೆ ಎಳೆಯುತ್ತಿದ್ದರು. ಗಂಟು ಗುಳಿಯನ್ನು ಮುಟ್ಟಿದರೆ ಮನೆ. ಹೆಬ್ಬೆರಳಿನ ಅಗಲದಷ್ಟು ಕಡಿಮೆ ಬಿದ್ದರೂ ಮನೆಯೇ. ಅಷ್ಟನ್ನು ನೂಲಿನ ತಪ್ಪೆಂದು ಬಿಡುತ್ತಿದ್ದರು. ಅದಕ್ಕಿಂತ ಕಡಿಮೆ ಬಿದ್ದರೆ ದಾರಿ. ನೂಲನ್ನು ಎಳೆಯುವ ಅಧಿಕಾರ ಒಬ್ಬಳಿಗೇ ಇತ್ತು. ಅವಳನ್ನು ಅಳೆಯುವವಳು ಎನ್ನುತ್ತಿದ್ದರು. ಅವಳ ಮನೆ ಬಂಡೆಬೀದಿಯ ಕೊನೆಯದು.

ಆ ನೂಲನ್ನು ನೂಲುತ್ತಿದ್ದವಳು ಇನ್ನೊಬ್ಬಳು. ಊರಿನ ಯಾವ ಹೊಸ್ತಿಲಿನ ಅಳತೆಯೂ ಅವಳ ನೂಲಿಲ್ಲದೆ ಆದದ್ದಲ್ಲ, ಅವಳಿಗೆ ಮಾತ್ರ ಮನೆಯಿರಲಿಲ್ಲ. ಅವಳು ತನ್ನ ರಾಟೆಯನ್ನು ಒಬ್ಬರ ಜಗಲಿಯಿಂದ ಇನ್ನೊಬ್ಬರ ಜಗಲಿಗೆ ಹೊತ್ತುಕೊಂಡು ಬಂಡೆಬೀದಿಯನ್ನು ಸುತ್ತುತ್ತಿದ್ದಳು. ಯಾರ ಜಗಲಿಯಲ್ಲೂ ಅವಳು ಹೊರೆಯಾಗಿರಲಿಲ್ಲ. ಅವಳು ಬಂದರೆ ಹೆಂಗಸರು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದರು, ಗಂಡಸರು ಸುಮ್ಮನೆ ರಾಟೆಯ ಸದ್ದು ಕೇಳುತ್ತ ಕೂರುತ್ತಿದ್ದರು. ಮಗಳನ್ನು ಜಗಲಿಗಳ ಮೇಲೆಯೇ ಬೆಳೆಸಿ, ಹೊಳೆಯಾಚೆಗೆ ಮದುವೆ ಮಾಡಿ ಕೊಟ್ಟಿದ್ದಳು. ತನಗೇಕೆ ಮನೆ ಎಂದು ಇದ್ದುಬಿಟ್ಟಿದ್ದಳು.

ಮಗಳು ಬಸುರಿಯಾದ ಸುದ್ದಿ ಬಂದಾಗ ಅವಳು ರಾಟೆಯನ್ನು ನಿಲ್ಲಿಸಿದಳು. ಚೊಚ್ಚಲ ಹೆರಿಗೆ, ಬಾಣಂತನ ತವರಿನದು. ಸುದ್ದಿ ತಂದವರು ಬೀಗಿತ್ತಿಯ ಒಂದು ಮಾತನ್ನೂ ತಂದಿದ್ದರು. ಕಳಿಸುವುದಕ್ಕೆ ನಮ್ಮ ಅಡ್ಡಿಯಿಲ್ಲ, ಆದರೆ ಯಾರ ಜಗಲಿಗೆ ಕಳಿಸಬೇಕು ಎಂದು ಬೀಗಿತ್ತಿ ಕೇಳಿದ್ದಳಂತೆ.

ಅವಳು ಊರಿನ ಮುಂದೆ ಹೊಸ್ತಿಲು ಕೇಳಿದಳು. ಬಂಡೆಯ ಮೇಲೆ ಜಾಗವಿರಲಿಲ್ಲ. ಸಾಕ್ಷಿಬಂಡೆಯ ಕೆಳಗೆ, ಇಳಿಜಾರಿನ ನಡುವೆ, ಒಂದು ತುಂಡು ನೆಲವಿತ್ತು. ನೋಡುವುದಕ್ಕೆ ಮಟ್ಟಸ, ಮೇಲೆ ಒಂದು ನೇರಳೆ ಮರ, ಕೆಳಗೆ ಕೊಳದ ಬೆಳಕು. ಅಲ್ಲಿ ಯಾರೂ ಈವರೆಗೆ ಹೊಸ್ತಿಲಿಟ್ಟಿರಲಿಲ್ಲ. ಕಲ್ಲುಕುಟಿಗ ಅವಳಿಗಾಗಿ ಒಳ್ಳೆಯ ಕಲ್ಲನ್ನು ಆರಿಸಿದ. ಅಂಚಿಗೆ ಬಳ್ಳಿ ಬಿಡಿಸಿದ. ಬೆಲೆ ಕೇಳಿದರೆ, ನಿನ್ನ ಮೊಮ್ಮಗು ಅದರ ಮೇಲೆ ಕೂತು ಅತ್ತ ದಿನ ಬೆಲೆ ಹೇಳುತ್ತೇನೆ ಎಂದ. ಅವಳು ತನ್ನ ಹೊಸ್ತಿಲಿನ ನೂಲನ್ನು ತಾನೇ ನೂತಳು. ಅಳೆಯುವವಳು ಅದನ್ನು ಎಳೆದು, ಗಂಟು ಹಾಕಿ, ಮಡಕೆಯ ಬಾಯಿ ಕಟ್ಟಿದಳು. ನೂಲುವವಳು ಹೊಸ್ತಿಲಿನ ಹಿಂದೆ ಕುಳಿತಳು. ಬಂಡೆಬೀದಿಯೆಲ್ಲ ಬಂದು ಈಚೆ ನಿಂತು, ಒಳಗೆ ಯಾರಿದ್ದೀರಿ ಎಂದು ಕೇಳಿತು. ಬನ್ನಿ, ಒಳಗೆ ಬನ್ನಿ ಎಂದು ಅವಳು ಎಲ್ಲರಿಗೂ ಬೆಲ್ಲ ನೀರು ಕೊಟ್ಟಳು.

ಮಳೆ ಬಂತು. ಆ ವರ್ಷದ ಮಳೆ ಜೋರಾಗಿರಲಿಲ್ಲ, ಆದರೆ ಬಿಡಲಿಲ್ಲ. ನೆಲ ಕುಡಿಯಿತು, ಕುಡಿದು ಸಾಕಾದ ಮೇಲೂ ಕುಡಿಯಿತು. ಹುಲ್ಲು ಮೊಣಕಾಲೆತ್ತರ ಬೆಳೆದು, ಕಲ್ಲು ಇದ್ದ ಜಾಗದ ಸುತ್ತಿನ ಗುರುತುಗಳನ್ನೆಲ್ಲ ನುಂಗಿತು. ಒಂದು ಬೆಳಗ್ಗೆ ರಂಗೋಲಿ ಹಾಕಿ ಬಂದ ನೂಲುವವಳ ಕೈ ಮೊಣಕೈವರೆಗೆ ಕೆಸರಾಗಿತ್ತು. ಜಾರಿದೆ ಎಂದಳು. ಅದೇ ದಿನ ಮಗಳನ್ನು ಕರೆತರಲು ಹೊಳೆಯಾಚೆಗೆ ಹೊರಟಳು. ಹೊಳೆ ಏರಿ, ದೋಣಿ ನಿಂತು, ಮಳೆ ಹಿಂದೆಗೆಯುವವರೆಗೆ ಅಲ್ಲಿಯೇ ಉಳಿದಳು.

ಅವಳಿಲ್ಲದ ಆ ದಿನಗಳಲ್ಲಿ ಇಳಿಜಾರಿನ ಮೇಲೆ ಮಂಜು ಕವಿದಿತ್ತು. ಚಾಚಿದ ಕೈ ತನಗೇ ಕಾಣದಂಥ ಮಂಜು.

ಮೊದಲು ಹೋದವನು ಕಲ್ಲುಕುಟಿಗ. ತಾನು ಕಡಿದ ಕಲ್ಲು ಹೇಗಿದೆಯೋ ನೋಡಿ ಬರೋಣವೆಂದು ಹೋದವನಿಗೆ ಅದು ಇರಬೇಕಾದ್ದಕ್ಕಿಂತ ಕೆಳಗಿದೆಯೇನೋ ಎನಿಸಿತು. ಎಷ್ಟು ಕೆಳಗೆ ಎಂದು ಹೇಳಲು ಅವನ ಬಳಿ ನೂಲಿರಲಿಲ್ಲ. ಇರಲಿ ಎಂದುಕೊಂಡು ಹಾರೆ ಕೊಟ್ಟು ಒಂದು ಗೇಣು ಮೇಲಕ್ಕೆ ಮೀಟಿದ. ಮಾರನೆಯ ದಿನ ಕುಂಬಾರ ಮಣ್ಣಿನ ನೆಪ ಮಾಡಿಕೊಂಡು ಹೋದ. ಅವನಿಗೂ ಹಾಗೆಯೇ ಎನಿಸಿತು. ತಾಯಿಗೆ ಕೈಮುಗಿದು, ಕ್ಷಮಿಸು ಎಂದು, ಒಂದು ಮಡಕೆಯ ಬಾಯಿಯಷ್ಟು ನೂಕಿದ. ಪೂಜಾರಿ ಹೋದ, ತಾಯಿಯ ಹೆಸರಿನಲ್ಲಿಯೇ ನೂಕಿದ. ಬೀದಿಯ ನಡುವಿನ ಮನೆಯ ಮುದುಕಿಗೆ ಒಬ್ಬಳೇ ಹೋಗಲಾಗದು. ವರ್ಷಗಳಿಂದ ಮಾತು ಬಿಟ್ಟಿದ್ದ ಸೊಸೆಯನ್ನು ಸನ್ನೆಯಿಂದ ಕರೆದುಕೊಂಡು ಹೋದಳು. ಇಬ್ಬರೂ ಕೆಸರಿನಲ್ಲಿ ಕುಳಿತು, ನಾಲ್ಕು ಪಾದಗಳನ್ನು ಕಲ್ಲಿಗೆ ಕೊಟ್ಟು, ಒಂದೂ ಮಾತಿಲ್ಲದೆ ನೂಕಿದರು. ಹೀಗೆ ಬಂಡೆಬೀದಿಯ ಮನೆ ಮನೆಯಿಂದಲೂ ಹೋದರು. ಮಂಜಿನಲ್ಲಿ ಒಬ್ಬರು ಇಳಿಯುವಾಗ ಇನ್ನೊಬ್ಬರು ಏರುತ್ತಿದ್ದರು; ಯಾರೂ ಯಾರನ್ನೂ ಕಾಣಲಿಲ್ಲ. ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡರು. ಪ್ರತಿಯೊಬ್ಬರೂ ತಮಗೆ ಅವಳ ಮೇಲೆ ಎಷ್ಟು ಪ್ರೀತಿಯಿತ್ತೋ ಅಷ್ಟು ನೂಕಿದರು.

ಮಳೆ ಹೋಯಿತು. ಹೊಳೆ ಇಳಿಯಿತು. ನೂಲುವವಳು ಕೈತುಂಬ ಹಸಿರು ಬಳೆ ತೊಟ್ಟ ಮಗಳನ್ನು ಕರೆದುಕೊಂಡು ಬಂದಳು. ಹೊಟ್ಟೆ ಮುಂದಕ್ಕೆ ಬಂದಿದ್ದ ಮಗಳು ಸಾಕ್ಷಿಬಂಡೆಗೆ ಒರಗಿ ನಿಂತಳು. ಊರೆಲ್ಲ ಸೇರಿತ್ತು. ಹುಲ್ಲು ಕೊಯ್ದರು. ಅಳೆಯುವವಳು ಮಡಕೆಯ ಬಾಯಿ ಬಿಚ್ಚಿ, ನೂಲನ್ನು ಬಿಸಿಲಿಗೆ ಹಾಕಿ, ಒಂದು ತುದಿಯನ್ನು ಸಾಕ್ಷಿಬಂಡೆಗೆ ಕಟ್ಟಿ, ಇನ್ನೊಂದನ್ನು ಹಿಡಿದು ಇಳಿದಳು.

ಅವಳು ಬೇಗನೆ ನಿಂತಳು. ಹೊಸ್ತಿಲು ಕಾಲಿಗೆ ತಗುಲಿತ್ತು. ನೂಲು ಇನ್ನೂ ಕೈಯಲ್ಲಿ ಸುರುಳಿಯಾಗಿ ಉಳಿದಿತ್ತು. ಉಳಿದದ್ದನ್ನು ಬಿಟ್ಟಳು. ಅದು ಕೊಯ್ದ ಹುಲ್ಲಿನ ಮೇಲೆ ಕೇರೆಹಾವಿನಂತೆ ಸಡಿಲವಾಗಿ ಬಿದ್ದಿತು.

ಕಡಿಮೆ ಬಿದ್ದ ನೂಲನ್ನು ಊರು ಕಂಡಿತ್ತು. ಮುಟ್ಟಿದ ನೂಲನ್ನು ಕಂಡಿತ್ತು. ಹೆಚ್ಚಾದ ನೂಲನ್ನು ಯಾರೂ ಕಂಡಿರಲಿಲ್ಲ. ಪೂಜಾರಿ ಮುಂದೆ ಬಂದು, ಇದು ತಾಯಿಯ ಕೃಪೆಯೇ ಸರಿ, ತವರಿನಿಂದ ಹಿಂದಿರುಗುವಾಗ ಹೊಸ್ತಿಲನ್ನು ತಾನೇ ಮೇಲಕ್ಕೆ ತಂದಿಟ್ಟಿದ್ದಾಳೆ, ಇಂಥ ಜಾಗ ಸಿಗುವುದೇ ಪುಣ್ಯ ಎಂದ. ಕತೆಗಳು ಹುಟ್ಟುವುದು ಹೀಗೆಯೇ ಇರಬೇಕು: ಒಳ್ಳೆಯ ಮನಸ್ಸಿನಿಂದ, ಸ್ವಲ್ಪ ಅವಸರದಲ್ಲಿ.

ಮುದುಕಿ ಕೇಳಿದಳು: "ಹಾಗಾದ್ರೆ ಪೂಜಾರಪ್ಪ, ಇಷ್ಟು ವರ್ಷ ತಾಯಿ ತವರಿಂದ ವಾಪಸು ಬರ್ತಾನೇ ಇರಲಿಲ್ವಾ?"

ಯಾರೋ ನಕ್ಕರು. ಪೂಜಾರಿಯೂ ಸಣ್ಣಗೆ ನಕ್ಕ. ಅಳೆಯುವವಳು ನಗಲಿಲ್ಲ. ಅವಳು ಬಗ್ಗಿ ಹೊಸ್ತಿಲಿನ ಕೆಳಗಿನ ಅಂಚನ್ನು ಬೆರಳಿನಿಂದ ಸವರಿದಳು. ಬಳ್ಳಿಯ ಒಂದು ಎಲೆ ಮುಕ್ಕಾಗಿತ್ತು.

"ಇದು ಹಾರೆ ಪೆಟ್ಟು," ಎಂದಳು. "ತಾಯಿ ಹಾರೆ ಹಿಡಿದದ್ದನ್ನ ನಾನು ಕೇಳಿಲ್ಲ."

ಕಲ್ಲುಕುಟಿಗ ಮುಂದೆ ಬಂದ. ತನ್ನ ಹಾರೆಯ ಗುರುತನ್ನು ತಾನೇ ಅಲ್ಲಗಳೆಯಲು ಅವನಿಂದಾಗಲಿಲ್ಲ. ನಾನೇ, ಒಂದು ಗೇಣು ಎಂದ. ಅವನ ಮಾತು ಮುಗಿಯುವ ಮೊದಲೇ ಕುಂಬಾರ, ನಾನೂ ಎಂದ. ಆಮೇಲೆ ಒಬ್ಬರ ಹಿಂದೆ ಒಬ್ಬರು. ನೀನೂನಾ ಎಂದು ಕೇಳಿದವರನ್ನು, ನೀನು ಹೋಗಲಿಲ್ಲವಾ ಎಂದು ಇನ್ನೊಬ್ಬರು ಕೇಳಿದರು. ಮಂಜಿನಲ್ಲಿ ತನ್ನ ಕಾಲು ತುಳಿದು ಓಡಿದ್ದು ನೀನೇ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಅದನ್ನು ಕಾಡುಹಂದಿಯೆಂದುಕೊಂಡಿದ್ದೆ ಎಂದ. ನಗೆ ಇಳಿಜಾರಿನ ಮೇಲೆಲ್ಲ ಹರಡಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ಜನ ಒಬ್ಬಳಿಗಾಗಿ ಕೆಸರು ಮೆತ್ತಿಕೊಂಡದ್ದು ಆ ಊರಿನಲ್ಲಿ ಹಿಂದೆಂದೂ ಆಗಿರಲಿಲ್ಲ.

ನಗೆ ತಣ್ಣಗಾದ ಮೇಲೆ ಅಳೆಯುವವಳು ಹೇಳಿದಳು: "ನೀವು ಕಲ್ಲು ಸರಿಸಲಿಲ್ಲ ಕಣ್ರೋ, ಗುಡ್ಡದ ಬಾಯಿ ಮುಚ್ಚಿದಿರಿ. ಅದು ಏನೋ ಹೇಳಿತ್ತು. ಏನು ಹೇಳ್ತು ಅಂತ ಈಗ ಯಾರನ್ನ ಕೇಳೋದು?"

ಆಗ ಎಲ್ಲರಿಗೂ ತಿಳಿಯಿತು. ನೆಲ ಕದಲಿದೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲ ಒಂದೇ ಕಲ್ಲನ್ನು ಅವರು ತಮ್ಮ ಪ್ರೀತಿಯಿಂದ ಮೂಕ ಮಾಡಿದ್ದರು. ಇನ್ನೊಂದು ಮಳೆಗಾಲ ಕಾಯುವುದೇ ನಿಯಮ. ಆದರೆ ಮಗು ಇನ್ನೊಂದು ಮಳೆಗಾಲ ಕಾಯುವುದಿಲ್ಲ. ಕಟ್ಟಿಬಿಡೋಣ ಎಂದು ಕೆಲವರು ಅಂದರು. ಸರಿದಿದ್ದರೂ ಎಷ್ಟು ಸರಿದೀತು, ಬೆರಳಷ್ಟೇನೋ ಎಂದರು. ಸರಿದೇ ಇಲ್ಲದಿರಬಹುದು ಎಂದರು. ಬಯಸಿದವರಿಗೆ ಎಲ್ಲವೂ ಸಾಧ್ಯವೆನಿಸುವ ಗಳಿಗೆ ಅದು. ಅಳೆಯುವವಳು ನೂಲುವವಳ ಮುಖ ನೋಡಿದಳು. ಬೇಡವೆನ್ನುವ ಧೈರ್ಯ ಆ ಹೊತ್ತಿಗೆ ಅವಳಲ್ಲೂ ಇರಲಿಲ್ಲ.

ನೂಲುವವಳು ಹುಲ್ಲಿನ ಮೇಲೆ ಬಿದ್ದಿದ್ದ ಸಡಿಲ ನೂಲನ್ನು ಎತ್ತಿ, ಧೂಳು ಕೊಡವಿದಳು.

"ತಂದವರು ತಂದಷ್ಟನ್ನ ಹಿಂದಕ್ಕೆ ಇಡಿ," ಎಂದಳು. "ಎಷ್ಟು ನೂಕಿದಿರಿ ಅಂತ ನಿಮ್ಮ ಕೈಗೆ ಗೊತ್ತಿರತ್ತೆ."

ಹಾಗೆ ಆ ಮಧ್ಯಾಹ್ನ ಊರು ತನ್ನ ದಯೆಯನ್ನು ಹಿಂದಕ್ಕೆ ಪಡೆಯಿತು. ಒಬ್ಬೊಬ್ಬರಾಗಿ ಬಂದರು. ಕಲ್ಲುಕುಟಿಗ ತನ್ನ ಗೇಣನ್ನಿಟ್ಟು ಅಳೆದು, ಅಷ್ಟೇ ಕೆಳಕ್ಕೆ ಮೀಟಿದ. ಕುಂಬಾರ ಮನೆಗೆ ಹೋಗಿ ಅದೇ ಮಡಕೆ ತಂದು, ಅದರ ಬಾಯಿಯಷ್ಟು ಎಳೆದ. ಪೂಜಾರಿ ತಾಯಿಯ ಹೆಸರು ಹೇಳದೆ ಎಳೆದ. ಮುದುಕಿ ಮತ್ತು ಸೊಸೆ ಈ ಸಲ ಮೇಲಿನ ಬದಿಗೆ ಕುಳಿತು ಪಾದ ಕೊಟ್ಟರು. ಮೇಲೆ ಹೋದ ಹೊಸ್ತಿಲು ಗೇಣು ಗೇಣಾಗಿ ಕೆಳಗೆ ಬಂತು. ಪ್ರತಿಯೊಬ್ಬರೂ ಸರಿಸಿ ಎದ್ದಾಗ ಅಳೆಯುವವಳು ನೂಲನ್ನು ಸ್ವಲ್ಪ ಎಳೆದುಕೊಳ್ಳುತ್ತಿದ್ದಳು. ಸಡಿಲವಾಗಿದ್ದದ್ದು ನೆಲ ಬಿಟ್ಟೆದ್ದು, ಸ್ವಲ್ಪ ಸ್ವಲ್ಪವಾಗಿ ಗಾಳಿಯಲ್ಲಿ ನೇರವಾಯಿತು.

ಕೊನೆಯವರು ಎಳೆದು ಎದ್ದರು. ಅಳೆಯುವವಳು ಗಂಟನ್ನು ಗುಳಿಯ ಕಡೆಗೆ ತಂದಳು. ಗಂಟು ಗುಳಿಯ ಅಂಚಿಗೆ ಬಂದು ನಿಂತಿತು. ಅವಳು ಹೆಬ್ಬೆರಳನ್ನಿಟ್ಟು ನೋಡಿದಳು. ಹೆಬ್ಬೆರಳಿನ ಅಗಲದೊಳಗೇ ಇತ್ತು.

ಊರು ಉಸಿರು ಬಿಟ್ಟಿತು. ಕಲ್ಲುಕುಟಿಗ ಟವೆಲಿನಿಂದ ಕಣ್ಣೊರೆಸಿಕೊಂಡ. ಮನೆ ಎಂಬ ಮಾತನ್ನು ಹೇಳಲು ಅಳೆಯುವವಳು ಬಾಯಿ ತೆರೆದಳು.

"ತಡಿ ಅಕ್ಕ," ಎಂದಳು ನೂಲುವವಳು. "ನನ್ನದೊಂದು ಉಳಿದಿದೆ."

ಹೊಳೆಯಾಚೆಗೆ ಹೋದ ದಿನ ಬೆಳಗ್ಗೆ ಎಂದು ಹೇಳಿದಳು. ರಂಗೋಲಿ ಹಾಕಲು ಬಗ್ಗಿದಾಗ ಹಿಂದಿನ ರಂಗೋಲಿಯ ಬಿಳುಪು ಕಲ್ಲಿನ ಮೇಲುಬದಿಯಲ್ಲಿ, ಹುಲ್ಲಿನ ಬೇರಿಗೆ ಅಂಟಿಕೊಂಡು ಕಂಡಿತಂತೆ. ರಂಗೋಲಿ ಕಲ್ಲಿನ ಕೆಳಬದಿಗೆ, ಬಾಗಿಲ ಮುಂದೆ ಹಾಕುವುದು. ಕಲ್ಲು ಅದನ್ನು ದಾಟಿ ಬಂದಿತ್ತು. ಅವಳು ಕೈಯಾರೆ ಕೆಸರು ತೆಗೆದು, ಭುಜ ಕೊಟ್ಟು, ಅದು ಇದ್ದಲ್ಲಿಗೆ ನೂಕಿದ್ದಳು. ಬೇರೆಯವರು ಊಹೆಯಿಂದ ನೂಕಿದ್ದರು. ಅವಳು ಕಂಡು ನೂಕಿದ್ದಳು.

"ಅವ್ವಾ," ಎಂದಳು ಮಗಳು ಸಾಕ್ಷಿಬಂಡೆಯ ಬಳಿಯಿಂದ. ಆ ಕರೆಯಲ್ಲಿ ಬೇಡ ಎಂಬುದಿತ್ತೋ, ಸರಿ ಎಂಬುದಿತ್ತೋ, ಕೇಳಿದವರು ಆಮೇಲೆ ಬೇರೆ ಬೇರೆಯಾಗಿ ಹೇಳಿದರು.

ನೂಲುವವಳು ತಲೆಯೆತ್ತದೆ ಹೇಳಿದಳು: "ಎಲ್ಲರ ಹೊಸ್ತಿಲಿಗೂ ನಿಜದ ನೂಲು ಕೊಟ್ಟೆ. ನಿನ್ನ ಕೂಸನ್ನ ಮಾತ್ರ ಸುಳ್ಳಿನ ಮೇಲೆ ಹ್ಯಾಗೆ ಮಲಗಿಸಲಿ?"

ಭುಜ ಕೊಟ್ಟಳು. ಬೀದಿಯ ಒಬ್ಬರೂ ಸಹಾಯಕ್ಕೆ ಹೋಗಲಿಲ್ಲ. ಅದು ಸಹಾಯ ಮಾಡುವಂಥ ಕೆಲಸವಾಗಿರಲಿಲ್ಲ. ಕಲ್ಲು ಕಿರ್ರೆಂದಿತು, ತಡೆಯಿತು, ಕೆಳಕ್ಕೆ ಸರಿಯಿತು. ಅಳೆಯುವವಳು ನೂಲನ್ನು ಎಳೆದಳು. ಗಂಟಿಗೂ ಗುಳಿಗೂ ನಡುವೆ ಒಂದು ಅಂಗೈಯಗಲದ ಬಿಸಿಲಿತ್ತು.

"ದಾರಿ," ಎಂದಳು ಅಳೆಯುವವಳು.

ನೂಲುವವಳು ಕೈತೊಳೆಯಲು ಒರತೆಯ ಕಡೆಗೆ ಹೋದಳು. ಮಗಳು ಕುಳಿತಳು. ಮುದುಕಿ ತನಗೆ ತಾನೇ ಎಂಬಂತೆ, ಆ ಕೂಸಿಗೆ ಜಗಲಿಯೇ ಗತಿಯಾಯಿತು, ನಮ್ಮದನ್ನೇ ಕೊಡೋಣ, ಗಾಳಿ ಕಡಿಮೆ ಎಂದಳು. ಆಗ ಅವಳ ಸೊಸೆ, ವರ್ಷಗಳಿಂದ ಅತ್ತೆಯೊಡನೆ ಮಾತು ಬಿಟ್ಟಿದ್ದವಳು, ಎಲ್ಲರೆದುರಿಗೆ ಬಾಯಿ ತೆರೆದಳು.

"ಅತ್ತೇ, ಅವರ ಹೊಸ್ತಿಲನ್ನ ಇಷ್ಟು ದೂರ ನೂಕಿದ್ವಿ. ನಮ್ಮ ಬೇಲೀನ ಒಂದು ಬೆರಳು ನೂಕಿದ್ದುಂಟಾ?"

ಆ ಊರಿನಲ್ಲಿ ಬೇಲಿಯ ಮಾತನ್ನು ಯಾರೂ ಆಡುತ್ತಿರಲಿಲ್ಲ. ಹೊಸ್ತಿಲಿನ ಬಗ್ಗೆ ನಿಯಮವಿತ್ತು, ಬೇಲಿಯ ಬಗ್ಗೆ ಜಗಳವಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಬೇಲಿಗೆ, ಅತ್ತೆ ಸೊಸೆ ಮಾತು ಬಿಟ್ಟದ್ದೂ ಯಾವುದೋ ಹಿತ್ತಲಿನ ಬೇಲಿಗೇ. ಗುಡ್ಡದ ಕಲ್ಲಿಗೆ ಕೈಹಾಕಲು ಹೆದರದವರು ತಮ್ಮ ಹಿತ್ತಲಿನ ಮುಳ್ಳುಕಂಬಗಳ ನೆನಪಾಗಿ ನೆಲ ನೋಡಿದರು. ಮುದುಕಿ ಸೊಸೆಯ ಕಡೆಗೆ ತಿರುಗಿ, ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಇದನ್ನಾ ಕಾದಿಟ್ಟಿದ್ದೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಯಾರು ಮೊದಲು ಎದ್ದರೆಂಬುದರ ಬಗ್ಗೆ ಎರಡು ಕತೆಗಳಿವೆ. ಎರಡನ್ನೂ ಹೇಳುವವರು ತಮ್ಮ ಮನೆಯವರೇ ಮೊದಲು ಎನ್ನುತ್ತಾರೆ. ಬೇಲಿಗಳು ಸರಿದದ್ದು ಮಾತ್ರ ನಿಜ. ಹೊಸ್ತಿಲನ್ನು ಎಷ್ಟು ನೂಕಿದ್ದರೋ ಅಷ್ಟನ್ನೇ ಪ್ರತಿಯೊಬ್ಬರೂ ತಮ್ಮ ಹಿತ್ತಲಿನಿಂದ ಕಳೆದುಕೊಂಡರು. ಗೇಣು ನೂಕಿದವರು ಗೇಣು, ಮಡಕೆಯ ಬಾಯಿಯಷ್ಟು ನೂಕಿದವರು ಮಡಕೆಯ ಬಾಯಿಯಷ್ಟು. ಒಂದು ಬೇಲಿ ಸರಿದರೆ ಅದರ ಪಕ್ಕದ್ದೂ ಸರಿಯಬೇಕು, ಅದಕ್ಕೆ ತಗುಲಿದ ದನದ ಕೊಟ್ಟಿಗೆಯೂ ಸರಿಯಬೇಕು; ಒಂದು ಕರಿಬೇವಿನ ಗಿಡ ಎರಡು ಮನೆಗಳ ನಡುವೆ ಯಾರದೂ ಅಲ್ಲದೆ ಉಳಿದು, ಇಂದಿಗೂ ಇಬ್ಬರೂ ಕಿತ್ತುಕೊಳ್ಳುತ್ತಾರೆ. ಬೀದಿಯ ತಲೆಯಿಂದ ಸಣ್ಣ ಸಣ್ಣದಾಗಿ ಬಂದ ಜಾಗ ಬೀದಿಯ ಕೊನೆಗೆ ಬಂದು ಒಟ್ಟಾಯಿತು. ನೂಕಿರದವಳು ಅಳೆಯುವವಳೊಬ್ಬಳೇ. ಅವಳು ಯಾರೂ ಕೇಳದೆ ತನ್ನ ಬೇಲಿಯನ್ನು ಪೂರ್ತಿ ಕಿತ್ತಳು. ಬಂಡೆಯ ಮೇಲೆ, ಅವಳ ಗೋಡೆಯ ಪಕ್ಕದಲ್ಲಿ, ಒಂದು ಬಾಣಂತಿಯ ಮಂಚ, ಒಂದು ತೊಟ್ಟಿಲು, ಒಂದು ರಾಟೆ ಹಿಡಿಯುವಷ್ಟು ನೆಲ ಹುಟ್ಟಿತು.

ಹುಲ್ಲಿನ ಸೂರು ಬೇಗನೆ ಎದ್ದಿತು. ಇಳಿಜಾರಿನಿಂದ ಆ ಹೊಸ್ತಿಲನ್ನು ತಂದುಬಿಡುತ್ತೇನೆ, ಬಳ್ಳಿಯ ಕೆತ್ತನೆ ಹಾಳಾಗುವುದು ಬೇಡ ಎಂದು ಕಲ್ಲುಕುಟಿಗ ಕೇಳಿದ. ನೂಲುವವಳು ಬೇಡವೆಂದಳು. ಅದು ಹೊರಟಿದೆ, ಹೊರಟವರನ್ನು ತಡೆಯಬಾರದು ಎಂದಳು. ಹೊಸ ಮನೆಗೆ ಹಲಗೆಯ ಹೊಸ್ತಿಲಾಯಿತು. ಆ ಮನೆಯಲ್ಲಿ ಮಗಳು ಹೆತ್ತಳು. ಹೆಣ್ಣು ಮಗು ಆ ಹಲಗೆಯ ಮೇಲೆ ಕೂತು ಅತ್ತ ದಿನ ಕಲ್ಲುಕುಟಿಗ ಬಂದು, ಇದು ನನ್ನ ಕಲ್ಲಲ್ಲ, ಬೆಲೆ ಕೇಳುವಂತಿಲ್ಲ ಎಂದು ಕೈಬೀಸಿ ಹೋದ.

ದಾರಿಯಾದ ನೆಲದಲ್ಲಿ ಕೇದಗೆ ಹಬ್ಬಿತು. ಮರುವರ್ಷದ ಮಳೆಯಲ್ಲಿ ಗುಡ್ಡ ಹೊಸ್ತಿಲನ್ನು ಬೆರಳಷ್ಟು ಸರಿಸಿತೇ ಹೊರತು ಬೇರೇನೂ ಮಾಡಲಿಲ್ಲ. ಅದರ ಮರುವರ್ಷವೂ ಮಾಡಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಕತೆ ಹೇಳುವವರು ಈ ವರ್ಷಗಳನ್ನು ನುಂಗಿಬಿಡುತ್ತಾರೆ. ಕೊಳದ ಬೆಳಕು ಕಾಣುವ ಅಂಥ ನೆಲವನ್ನು ಸುಮ್ಮನೆ ಮೆಳೆಗೆ ಬಿಟ್ಟರಲ್ಲ ಎಂದು ಹೊಸದಾಗಿ ಮದುವೆಯಾಗಿ ಜಾಗ ಹುಡುಕುವವರು ಗೊಣಗುತ್ತಿದ್ದರು. ವರ್ಷಕ್ಕೆ ಬೆರಳಷ್ಟು ಜಾರುವ ನೆಲ ಯಾರನ್ನು ಕೊಂದೀತು ಎಂದು ಕೇಳುತ್ತಿದ್ದರು. ಅವರಿಗೆ ತೋರಿಸಲು ಅಳೆಯುವವಳ ಬಳಿ ನೂಲು ಮಾತ್ರ ಇತ್ತು.

ನೂಲುವವಳು ಪ್ರತಿ ಮಳೆ ಹೋದ ಮೇಲೆ ಆ ಹೊಸ್ತಿಲಿಗಾಗಿ ಇನ್ನಷ್ಟು ಉದ್ದದ ನೂಲು ನೂತು ಕೊಡುತ್ತಿದ್ದಳು. ಮನೆಯೇ ಇಲ್ಲದ ಮೇಲೆ ಅಳತೆ ಏಕೆ ಎಂದು ಅಳೆಯುವವಳು ಒಮ್ಮೆ ಕೇಳಿದ್ದುಂಟು. "ಹೋದವಳು ಎಲ್ಲೀವರೆಗೆ ಹೋದಳು ಅಂತ ಮನೆಯವರಿಗೆ ಗೊತ್ತಿರಬೇಡ್ವಾ ಅಕ್ಕ," ಎಂದಳು. ಅವಳು ತಾಯಿಯ ಕತೆಯನ್ನು ನಂಬಿ ಹಾಗೆಂದಳೋ, ಕಲ್ಲನ್ನು ನಂಬಿ ಹಾಗೆಂದಳೋ ತಿಳಿಯದು. ಇಬ್ಬರೂ ವರ್ಷಕ್ಕೊಮ್ಮೆ ಇಳಿದು, ನೂಲೆಳೆದು, ಏರಿ ಬರುತ್ತಿದ್ದರು.

ಮೊಮ್ಮಗಳಿಗೆ ತಾನೇ ಜಡೆ ಹೆಣೆದುಕೊಳ್ಳುವ ವಯಸ್ಸಾದ ವರ್ಷ ಮಳೆ ಬಿಡದೆ ಹಿಡಿಯಿತು. ಒಂದು ಮಧ್ಯಾಹ್ನ, ಊರು ಊಟಕ್ಕೆ ಕುಳಿತಿದ್ದಾಗ, ಬೀಸುವ ಕಲ್ಲಿನ ಸದ್ದಿನಂಥ ಸದ್ದು ನೆಲದೊಳಗಿನಿಂದ ಬಂತು. ತಟ್ಟೆಗಳಲ್ಲಿ ಸಾರು ನಡುಗಿತು. ಜನ ಹೊರಗೆ ಬಂದು ನೋಡಿದಾಗ ನೇರಳೆ ಮರ ನಿಂತ ಹಾಗೆಯೇ ನಿಂತು ಕೆಳಕ್ಕೆ ಹೋಗುತ್ತಿತ್ತು. ಅದರ ಸುತ್ತಿನ ನೆಲವೆಲ್ಲ ಅದರೊಂದಿಗೆ ಹೋಗುತ್ತಿತ್ತು. ಬಂಡೆಬೀದಿಯ ಒಂದು ಹೆಂಚೂ ಕದಲಲಿಲ್ಲ. ದಾರಿಯಲ್ಲಿ ಮನೆಯಿರಲಿಲ್ಲ, ಮನೆಯಲ್ಲಿ ಮಲಗಿದವರಿರಲಿಲ್ಲ. ಕೇದಗೆ, ಮಣ್ಣು, ಕಲ್ಲು ತಮ್ಮ ಪಾಡಿಗೆ ಇಳಿದು ಕೊಳದ ಅಂಚಿನಲ್ಲಿ ನಿಂತವು. ನೂಲುವವಳು ತನ್ನ ಮನೆಗೆ ಬಂದಿದ್ದ ಮೊಮ್ಮಗಳ ಎಂಜಲು ಕೈಯನ್ನು ಹಿಡಿದುಕೊಂಡು ನೋಡಿದಳು. ನೋಡಿ ಮುಗಿದ ಮೇಲೂ ಬಿಡಲಿಲ್ಲ.

ಮಳೆ ಹೋಗಿ ನೆಲ ಗಟ್ಟಿಯಾದ ಮೇಲೆ ಇಬ್ಬರು ಹೆಂಗಸರು ನೂಲು ಹಿಡಿದು ಇಳಿದರು. ಸಾಕ್ಷಿಬಂಡೆಯಿಂದ ಹೊರಟ ನೂಲು ಅರ್ಧ ದಾರಿಯಲ್ಲಿಯೇ ಮುಗಿಯಿತು. ಅಳೆಯುವವಳು ಇನ್ನೊಂದು ಉಂಡೆಯನ್ನು ಗಂಟು ಹಾಕಲು ನಿಂತಳು. ನೂಲುವವಳು ಬೇಡವೆಂದು ತಲೆಯಾಡಿಸಿ ಮುಂದೆ ನಡೆದಳು.

ಹೊಸ್ತಿಲು ಕೊಳದ ಅಂಚಿನಲ್ಲಿ, ಹೊಸ ಜೊಂಡಿನ ನಡುವೆ, ಬಳ್ಳಿಯ ಕೆತ್ತನೆ ಮೇಲಾಗಿ ಕುಳಿತಿತ್ತು. ಅದರ ಈಚೆಗೆ ನೆಲ, ಆಚೆಗೆ ನೀರು. ತಾಯಿ ತವರು ಮುಟ್ಟಿದಳೆಂದು ಪೂಜಾರಿ ಆಮೇಲೆ ಹೇಳಿದ. ಈ ಸಲ ಯಾರೂ ಅವನನ್ನು ಕೆಣಕಲಿಲ್ಲ. ಆಚೆಯ ನೀರಿನಲ್ಲಿ ಒಂದು ಕೊಕ್ಕರೆ, ತನ್ನ ಮನೆಯಲ್ಲಿ ನಿಂತ ಹಾಗೆ, ಒಂದೇ ಕಾಲಿನ ಮೇಲೆ ನಿಂತಿತ್ತು.

ನೂಲುವವಳು ಚಪ್ಪಲಿ ಬಿಟ್ಟಳು. ಹೊಸ್ತಿಲಿನ ಈಚೆಯೇ ನಿಂತಳು. ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿಕೊಂಡು, ಬಂದ ದಾರಿಯಲ್ಲಿ ಹಿಂದಿರುಗಿದಳು. ಕರೆಯದೆ ಒಳಗೆ ಹೋಗುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ.